ಸೀ ವ್ಯೂ ಫ್ಲ್ಯಾಟು, ಪಶ್ಚಿಮದ ಬಿಸಿಲು, ಹಾಕದೇ ಉಳಿದ ಎಸಿ

ಮಂಗಳೂರಿನ ಚಿಲಿಂಬಿ ಗುಡ್ಡೆ ಮೇಲೆ ಒಂದು ಅಪಾರ್ಟ್‌ಮೆಂಟ್, ಅದರ ಏಳನೇ ಫ್ಲೋರಲ್ಲಿ ನನ್ನ ಸೋದರಮಾವನ 2 ಬಿಎಚ್‌ಕೆ. ಹಾಲ್ ಮತ್ತೆ ದೊಡ್ಡ ಬೆಡ್‌ರೂಮ್ ಎರಡೂ ಪಶ್ಚಿಮಕ್ಕೆ. ಎದುರಿಗೆ ತೆಂಗಿನ ಮರಗಳ ತಲೆ, ಅದರಾಚೆ ಗುರುಪುರ ಹೊಳೆ, ಅದರಾಚೆ ತಣ್ಣೀರುಬಾವಿ, ಮತ್ತೆ ಸಮುದ್ರ. ಸೀ ವ್ಯೂ ಅಂತ ಬಿಲ್ಡರ್ ಚದರಡಿಗೆ ಎಕ್ಸ್‌ಟ್ರಾ ಬೇರೆ ತಗೊಂಡಿದ್ದ. ಆದ್ರೆ ಫೆಬ್ರವರಿ ಬಂತು ಅಂದ್ರೆ ಆ ಮನೆಯಲ್ಲಿ ಮಧ್ಯಾಹ್ನ ಎರಡೂವರೆಗೆ ದಪ್ಪ ಕರ್ಟನ್ ಎಳೆದ್ರೆ ಮತ್ತೆ ತೆಗಿಯುದು ಸೂರ್ಯ ಮುಳುಗಿದ ಮೇಲೆಯೇ, ದುಡ್ಡು ಕೊಟ್ಟು ತಗೊಂಡ ಸಮುದ್ರ ನೋಡ್ಲಿಕ್ಕೆ ಸಿಗುದು ಬೆಳಿಗ್ಗೆ ಕಾಫಿ ಕುಡಿಯುವಾಗ ಮಾತ್ರ.

2025ರ ಜನವರಿಯಲ್ಲಿ ಮಾವ ಫೋನ್ ಮಾಡಿದ್ದು ಹಾಲಿಗೆ ಎಸಿ ಹಾಕುವ ವಿಷಯಕ್ಕೆ. ಬೆಡ್‌ರೂಮಲ್ಲಿ ಒಂದು ಮೊದಲೇ ಉಂಟು. ಅಂಗಡಿಯವ ಬಂದು ನೋಡಿ, ಸರ್ ಪಶ್ಚಿಮದ ಬಿಸಿಲು ಹೊಡೀತದೆ, ಗಾಜು ಜಾಸ್ತಿ ಉಂಟು, ಒಂದೂವರೆ ಟನ್ ಸಾಕಾಗ್ಲಿಕ್ಕಿಲ್ಲ, ಎರಡು ಟನ್ನೇ ಹಾಕಿ ಅಂದಿದ್ದಾನೆ. ನಾನು ಬಿಲ್ಡಿಂಗ್ ಡ್ರಾಯಿಂಗ್ ಲೈನಲ್ಲಿ ಇರುದು, ಹಾಗಾಗಿ ಕಾಪರ್ ಪೈಪಿಗೆ ಗೋಡೆಯಲ್ಲಿ ಎಲ್ಲಿ ತೂತು ಹೊಡೆಯುದು ಅಂತ ಕೇಳ್ಲಿಕ್ಕೆ ನನಗೆ ಕಾಲ್. ಅಂಗಡಿಯವ ಹೇಳಿದ್ದು ಸುಳ್ಳಲ್ಲ, ಒಂದಕ್ಷರ ಸುಳ್ಳಲ್ಲ. ಬಿಸಿಲು ಹೊಡೀತದೆ ಅಂತ ಅವನೇ ಹೇಳಿ ಆ ಬಿಸಿಲನ್ನು ಒಳಗೆ ಬಿಟ್ಟುಕೊಂಡೇ ಅದರ ಮೇಲೆ ಅರ್ಧ ಟನ್ ಜಾಸ್ತಿ ಮಾರುದು ಅವನ ವ್ಯಾಪಾರ, ಅಷ್ಟೇ. ತೂತು ಆಮೇಲೆ ಹೊಡಿಯುವ ಮಾವ, ಒಮ್ಮೆ ಸಂಜೆ ಹೊತ್ತು ನಾನು ಬಂದು ನೋಡ್ತೇನೆ ಅಂದೆ.

ಹೋದದ್ದು ಫೆಬ್ರವರಿ ಕೊನೆಗೆ, ಸಂಜೆ ನಾಲ್ಕೂವರೆಗೆ. ಹಾಲಲ್ಲಿ ಕರ್ಟನ್ ಹಾಕಿ ಕತ್ತಲೆ, ಟ್ಯೂಬ್‌ಲೈಟ್ ಹಾಕಿಕೊಂಡು ಅತ್ತೆ ಬೀನ್ಸ್ ಮುರೀತಾ ಇದ್ದರು, ಫ್ಯಾನ್ ಫುಲ್ ಸ್ಪೀಡಲ್ಲಿ ಬಿಸಿ ಗಾಳಿಯನ್ನೇ ತಿರುಗಿಸ್ತಾ ಇತ್ತು. ಕರ್ಟನ್ ಮೇಲೆ ಕೈ ಇಟ್ರೆ ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆ ಮುಟ್ಟಿದ ಹಾಗೆ ಬೆಚ್ಚಗೆ. ಎಲೆಕ್ಟ್ರಿಷಿಯನ್ ಫ್ರೆಂಡಿಂದ ಆ ಗನ್ ತರದ ಥರ್ಮಾಮೀಟರ್ ತಂದಿದ್ದೆ, ಕರ್ಟನ್‌ಗೆ ಹಿಡಿದ್ರೆ 40 ದಾಟಿ ತೋರಿಸ್ತದೆ, ಹಿಂದೆ ಇರುವ ಗಾಜು ಅದಕ್ಕಿಂತ ಜಾಸ್ತಿ. ಮಾವ ಹೇಳಿದ್ದು, ನೋಡು, ಕರ್ಟನ್ ಇಲ್ಲದಿದ್ರೆ ಏನು ಗತಿ ಅಂತ. ಆದ್ರೆ ನಡೀತಾ ಇರುದು ಬೇರೆಯೇ. ಬಿಸಿಲು ಗಾಜು ದಾಟಿ ಒಳಗೆ ಬಂದು ಕರ್ಟನ್ ಮೇಲೆ ಬಿದ್ದು ಶಾಖ ಆಯ್ತು ಅಂದ್ರೆ ಮುಗೀತು, ಆ ಶಾಖ ಬಂದ ದಾರಿಯಲ್ಲಿ ವಾಪಸ್ ಹೋಗುದಿಲ್ಲ, ಯಾಕಂದ್ರೆ ಗಾಜು ಬಿಸಿಲಿಗೆ ದಾರಿ ಬಿಡ್ತದೆ, ಬಿಸಿಯಾದ ವಸ್ತುವಿಂದ ಹೊರಡುವ ಶಾಖದ ಕಿರಣಕ್ಕೆ ಬಿಡುದಿಲ್ಲ. ಕರ್ಟನ್ ಬಿಳಿ ಬಣ್ಣದ್ದಾದ್ರೆ ಸ್ವಲ್ಪ ಬಿಸಿಲು ಪ್ರತಿಫಲಿಸಿ ಹೊರಗೆ ಹೋಗ್ತದೆ. ಇವರದ್ದು ಮರೂನ್.

ಆಗ ಅತ್ತೆ ಬೀನ್ಸ್ ಮುರೀತಾನೇ ಒಂದು ಮಾತು ಹೇಳಿದರು, ಬೆಡ್‌ಶೀಟ್ ಒಗೆದು ಬಾಲ್ಕನಿಯಲ್ಲಿ ಹಾಕಿದ ದಿವಸ ಹಾಲಲ್ಲಿ ಇಷ್ಟು ಸೆಕೆ ಇರುದಿಲ್ಲ ಮಾರಾಯ, ಇವರಿಗೆ ಹೇಳಿದ್ರೆ ಇವರು ನಗಾಡ್ತಾರೆ. ಒದ್ದೆ ಬಟ್ಟೆಯ ತಂಪು ಸ್ವಲ್ಪ ಇರಬಹುದು, ಆದ್ರೆ ಮುಖ್ಯ ಸಂಗತಿ ಏನಂದ್ರೆ ಬೆಡ್‌ಶೀಟ್ ಇರುದು ಗಾಜಿನ ಹೊರಗೆ. ಬಿಸಿಲನ್ನು ಅಲ್ಲೇ ತಡೀತದೆ, ತಾನು ಬಿಸಿಯಾದ್ರೂ ಆ ಬಿಸಿಯನ್ನು ಸಮುದ್ರದ ಗಾಳಿ ಹೊಡಕೊಂಡು ಹೋಗ್ತದೆ, ಮನೆಯೊಳಗೆ ಬರುದಿಲ್ಲ. ಈ ಕೇಸಿನ ಉತ್ತರ ಅತ್ತೆ ಹತ್ರ ಮೊದಲೇ ಇತ್ತು, ನಾನು ಆಮೇಲೆ ಮಾಡಿದ್ದೆಲ್ಲ ಅದಕ್ಕೆ ಲೆಕ್ಕ ಹಾಕಿದ್ದು ಅಷ್ಟೇ.

ಲೆಕ್ಕ ಹೀಗೆ. ಬೆಡ್‌ರೂಮ್ ಕಿಟಕಿ ಐದಡಿ ಅಗಲ ನಾಲ್ಕಡಿ ಎತ್ತರ, ಮೇಲೆ ಒಂದೂವರೆ ಅಡಿ ಸಜ್ಜ. ಹಾಲಿಗೆ ಎಂಟಡಿ ಅಗಲ ಏಳಡಿ ಎತ್ತರದ ಸ್ಲೈಡಿಂಗ್ ಡೋರ್, ಅದರ ಹೊರಗೆ ನಾಲ್ಕಡಿ ಬಾಲ್ಕನಿ. ಮಾವ ಹೇಳುದು, ಸಜ್ಜ ಉಂಟಲ್ಲ, ಬಾಲ್ಕನಿ ಮೇಲೆ ಸ್ಲ್ಯಾಬ್ ಉಂಟಲ್ಲ, ಮತ್ತೆ ಎಂಥ ಬಿಸಿಲು ಅಂತ. ಸಜ್ಜದ ಕೆಲಸ ಸೂರ್ಯ ಮೇಲೆ ಇರುವಾಗ. ನಮ್ಮಲ್ಲಿ ಐಎಸ್‌ಟಿ ಲೆಕ್ಕ 82.5 ಡಿಗ್ರಿ ರೇಖಾಂಶದ್ದು, ಮಂಗಳೂರು ಇರುದು ಸುಮಾರು 74.85ರಲ್ಲಿ, ಹಾಗಾಗಿ ಸೂರ್ಯ ನೆತ್ತಿಗೆ ಬರುದೇ ಗಡಿಯಾರದಲ್ಲಿ ಹನ್ನೆರಡೂವರೆ ಹೊತ್ತಿಗೆ. ಏಪ್ರಿಲ್ 24ರ ಆಸುಪಾಸು ಅಂತೂ ಸರಿಯಾಗಿ ತಲೆ ಮೇಲೆ, ಕಂಬದ ನೆರಳು ಕಂಬದ ಬುಡಕ್ಕೇ ಬೀಳ್ತದೆ. ಆ ಹೊತ್ತಿಗೆ ಸಜ್ಜ ಸಾಕು. ಆದ್ರೆ ಸಂಜೆ ನಾಲ್ಕೂವರೆಗೆ ಅದೇ ಸೂರ್ಯ ಕ್ಷಿತಿಜದಿಂದ ಬರೀ 31 ಡಿಗ್ರಿ ಮೇಲೆ ಇರ್ತಾನೆ, ಹೆಚ್ಚುಕಮ್ಮಿ ನೇರ ಎದುರಿಗೆ. ಒಂದೂವರೆ ಅಡಿ ಸಜ್ಜದ ನೆರಳು ಆಗ ಕಿಟಕಿ ಮೇಲೆ ಇಳಿಯುದು ಒಂದಡಿಯೂ ಇಲ್ಲ. ನಾಲ್ಕಡಿ ಕಿಟಕಿ ಪೂರ್ತಿ ನೆರಳಾಗ್ಬೇಕಾದ್ರೆ ಆರೂವರೆ ಅಡಿ ಮೀರಿ ಸಜ್ಜ ಹೊರಗೆ ಚಾಚಬೇಕು, ಯಾವ ಬಿಲ್ಡರ್ ಕೊಡ್ತಾನೆ? ನಾಲ್ಕಡಿ ಬಾಲ್ಕನಿ ಸ್ಲ್ಯಾಬಿನ ನೆರಳೂ ಎರಡೂಕಾಲು ಎರಡೂವರೆ ಅಡಿಯಷ್ಟೇ ಇಳಿಯುದು, ಸ್ಲ್ಯಾಬ್ ಬಾಗಿಲಿಗಿಂತ ಮೇಲೆ ಇರುದರಿಂದ ಬಾಗಿಲಿನ ಗಾಜಿಗೆ ಸಿಗುದು ಇನ್ನೂ ಕಮ್ಮಿ.

ಪಶ್ಚಿಮದ ಗೋಡೆಗೆ ಕ್ಲಿಯರ್ ದಿವಸದ ಸಂಜೆ ಚದರ ಮೀಟರಿಗೆ ಸುಮಾರು 500 ವಾಟ್ ಬಿಸಿಲು ಅಂತ ಇಟ್ಟುಕೊಳ್ಳುವ. ಸಾದಾ ಗಾಜು ಅದರಲ್ಲಿ ನೂರಕ್ಕೆ 80ರಷ್ಟು ಒಳಗೆ ಬಿಡ್ತದೆ. ನೆರಳು ಬಿದ್ದ ಭಾಗ ಕಳೆದ್ರೆ ಎರಡೂ ಸೇರಿ ಬಿಸಿಲಿಗೆ ಸಿಕ್ಕಿದ ಗಾಜು ಸುಮಾರು ಐದೂವರೆ ಚದರ ಮೀಟರ್. ಗುಣಿಸಿದ್ರೆ ಎರಡು ಕಿಲೋವಾಟಿಗಿಂತ ಸ್ವಲ್ಪ ಜಾಸ್ತಿ. ಒಂದು ಟನ್ ಎಸಿ ಅಂದ್ರೆ 3.5 ಕಿಲೋವಾಟ್ ಶಾಖ ಹೊರಗೆ ಹಾಕುವ ಶಕ್ತಿ, ಹಾಗಾದ್ರೆ ಈ ಗಾಜು ಎರಡರಿಂದಲೇ ಅರ್ಧ ಟನ್ ಮೀರಿ ಲೋಡು. ಅಂಗಡಿಯವ ಒಂದೂವರೆ ಸಾಲದು ಎರಡು ಹಾಕಿ ಅಂದನಲ್ಲ, ಅವನು ಅಂದಾಜಲ್ಲಿ ಹೇಳಿದ ಆ ಅರ್ಧ ಟನ್ ಇದೇ, ಇದನ್ನು ಕಾಗದದ ಮೇಲೆ ತೋರಿಸಿದಾಗ ಮಾವ ಮೊದಲ ಸಲ ಕನ್ನಡಕ ಸರಿಮಾಡಿ ಕೂತರು. ಮಾವ ಬ್ಯಾಂಕಿನವರು, ಅವರಿಗೆ ಲೆಕ್ಕ ತಾಳೆ ಆದ್ರೆ ಸಾಕು.

ಮತ್ತೆ ಕರೆಂಟ್ ಬಿಲ್ಲಿನ ವಿಷಯ. ಮಾವ ಮೆಸ್ಕಾಂ ಬಿಲ್ ಒಂದನ್ನೂ ಬಿಸಾಡಿದವರಲ್ಲ, ಫೈಲ್ ಉಂಟು, ವರ್ಷ ಪ್ರಕಾರ. ಗೃಹಜ್ಯೋತಿ ಬಂದ ಮೇಲೆ ಅವರ ತಲೆಬಿಸಿ 200 ಯೂನಿಟಿನದ್ದು. 2022-23ರ ಸರಾಸರಿ ಬಳಕೆ ಮೇಲೆ ನೂರಕ್ಕೆ 10 ಸೇರಿಸಿ ಅಷ್ಟು ಫ್ರೀ, ಅದಕ್ಕಿಂತ ಜಾಸ್ತಿಯಾಗಿ 200ರ ಒಳಗೇ ಇದ್ರೆ ಜಾಸ್ತಿಯಾದಷ್ಟಕ್ಕೆ ಕಟ್ಟಿದ್ರೆ ಆಯ್ತು, 200 ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ಲು. ಇವರ ಮನೆ ಉಳಿದ ತಿಂಗಳೆಲ್ಲ ಒಳಗೇ ಇರ್ತದೆ, ಬೇಸಿಗೆ ಎರಡು ಮೂರು ತಿಂಗಳು ದಾಟ್ತದೆ, ಅದೂ ಸ್ವಲ್ಪದರಲ್ಲಿ. ಇನ್ನು ಎರಡು ಟನ್ನಿನ ಹೊಸ ಎಸಿ ಹಾಲಿಗೆ ಬಂದ್ರೆ? ಫುಲ್ ಲೋಡಲ್ಲಿ ಅದು ಎಳೆಯುದು ಸುಮಾರು ಎರಡು ಕಿಲೋವಾಟ್, ಸಂಜೆ ನಾಲ್ಕು ಗಂಟೆ ಓಡಿದ್ರೆ ದಿವಸಕ್ಕೆ ಎಂಟು ಯೂನಿಟ್, ತಿಂಗಳಿಗೆ 240. ಇನ್ವರ್ಟರ್ ಎಸಿ ಆದ್ರೆ ಇಷ್ಟು ಬರುದಿಲ್ಲ, ಒಪ್ಪಿದೆ, ಆದ್ರೆ ಫ್ರಿಜ್ಜು ಗೀಸರು ಬೆಡ್‌ರೂಮ್ ಎಸಿ ಎಲ್ಲ ಇರುವ ಮನೆಯಲ್ಲಿ ಅದರ ಅರ್ಧ ಸೇರಿದ್ರೂ 200ರ ಕಥೆ ಮುಗೀತು.

ಇಲ್ಲಿವರೆಗೆ ಬಂದ್ರೆ ಎಲ್ಲರೂ ಹೇಳುದು ಒಂದೇ, ಕಿಟಕಿ ಬಂದ್ ಮಾಡಿ ಸನ್ ಫಿಲ್ಮ್ ಹಾಕಿ. ಬೆಂಗಳೂರಲ್ಲಿ, ಹುಬ್ಬಳ್ಳಿಯಲ್ಲಿ, ಎಸಿ ಆಫೀಸಲ್ಲಿ ಅದು ನಡೀತದೋ ಏನೋ. ನಮ್ಮ ಕರಾವಳಿಯಲ್ಲಿ ತೊಡಕು ಏನಂದ್ರೆ ಬಿಸಿಲು ಬರುವ ದಿಕ್ಕು ಮತ್ತೆ ಗಾಳಿ ಬರುವ ದಿಕ್ಕು ಎರಡೂ ಒಂದೇ. ಮಾರ್ಚ್ ಏಪ್ರಿಲಲ್ಲಿ ಹನ್ನೊಂದು ಹನ್ನೆರಡರ ಮೇಲೆ ಸಮುದ್ರದ ಗಾಳಿ ಏಳ್ತದೆ, ಪಶ್ಚಿಮ ವಾಯವ್ಯದಿಂದ, ಸಂಜೆವರೆಗೆ ಬೀಸ್ತದೆ. ಇಲ್ಲಿಯ ಸೆಕೆ ಬರೀ ಟೆಂಪರೇಚರಿನದ್ದಲ್ಲ, ಬೆವರು ಒಣಗದ ಸೆಕೆ, 33 ಡಿಗ್ರಿಯೇ ಇದ್ರೂ ಗಾಳಿ ನಿಂತ್ರೆ ಮೈಯೆಲ್ಲ ಅಂಟು ಅಂಟು. ಹಾಗಾಗಿ ಕರಾವಳಿಯ ಮನೆಯಲ್ಲಿ ಪಶ್ಚಿಮದ ಕಿಟಕಿ ಮುಚ್ಚುದು ಅಂದ್ರೆ ಬಿಸಿಲಿನ ಜೊತೆ ಗಾಳಿಯನ್ನೂ ಹೊರಗೆ ನಿಲ್ಲಿಸುದು. ಮಾವನ ಮನೆಯಲ್ಲಿ ಆಗ್ತಾ ಇದ್ದದ್ದು ಅದಕ್ಕಿಂತ ಕಡೆ, ಕರ್ಟನ್ ಗಾಳಿಯನ್ನು ತಡೀತಿತ್ತು, ಶಾಖವನ್ನು ಮಾತ್ರ ಒಳಗೆ ಬಿಡ್ತಿತ್ತು.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಮನೆಗಳಿಗೆ ಅಂತ ಇಕೋ ನಿವಾಸ್ ಸಂಹಿತಾ ತಂದಿದೆ. ಅದರಲ್ಲಿ ಗೋಡೆ ಕಿಟಕಿ ಸೇರಿ ಒಳಗೆ ಬರುವ ಶಾಖ ಚದರ ಮೀಟರಿಗೆ ಸರಾಸರಿ 15 ವಾಟ್ ಮೀರಬಾರದು ಅಂತ ಒಂದು ನಿಯಮ, ಜೊತೆಗೆ ನಮ್ಮಂಥ ಬಿಸಿ ಮತ್ತೆ ತೇವದ ಊರುಗಳಿಗೆ ನೆಲದ ವಿಸ್ತೀರ್ಣದ 16.66 ಪರ್ಸೆಂಟಿನಷ್ಟು ತೆರೀಲಿಕ್ಕೆ ಬರುವ ಕಿಟಕಿ ಬಾಗಿಲು ಇರಬೇಕು ಅಂತ ಇನ್ನೊಂದು. ನೋಡಿ, ನೆರಳೂ ಬೇಕು ಗಾಳಿಯೂ ಬೇಕು ಅಂತಲೇ ಅಲ್ಲಿ ಇರುದು, ಎರಡರಲ್ಲಿ ಒಂದು ಆರಿಸಿ ಅಂತ ಇಲ್ಲ. ಈ ಬಿಲ್ಡಿಂಗ್ ಅದಕ್ಕಿಂತ ಹಳೇದು, ಆದ್ರೂ ಮಾವನ ಹಾಲಿಗೆ ಮಾತ್ರ ಲೆಕ್ಕ ಹಾಕಿ ನೋಡಿದೆ, 14ಕ್ಕೆ 12 ಅಡಿ, 168 ಚದರಡಿ, ಅದರ 16.66 ಪರ್ಸೆಂಟ್ ಅಂದ್ರೆ 28. ಸ್ಲೈಡಿಂಗ್ ಡೋರ್ 56 ಚದರಡಿ, ಎರಡು ಗಾಜಿನ ಹಲಗೆಯ ಸ್ಲೈಡಿಂಗಲ್ಲಿ ತೆರೆಯುದು ಅರ್ಧ ಮಾತ್ರ, ಅಂದ್ರೆ ಸರಿಯಾಗಿ 28. ಪಾಸ್. ಕರ್ಟನ್ ಎಳೆದ ಮೇಲೆ ಸೊನ್ನೆ.

ಫಿಲ್ಮಿನವ ಒಬ್ಬ ಬಂದು ಸ್ಯಾಂಪಲ್ ತೋರಿಸಿ ಹೋದ. ಫಿಲ್ಮ್ ಪ್ರಯೋಜನ ಇಲ್ಲ ಅಂತ ನಾನು ಹೇಳುದಿಲ್ಲ, ಒಳ್ಳೇ ಕ್ವಾಲಿಟಿದು ಶಾಖ ಕಡಿಮೆ ಮಾಡ್ತದೆ. ಆದ್ರೆ ಗಾಳಿಗೆ ಬಾಗಿಲು ಸರಿಸಿದ ಕೂಡಲೇ ಆ ಅರ್ಧದಲ್ಲಿ ಗಾಜೂ ಇಲ್ಲ ಫಿಲ್ಮೂ ಇಲ್ಲ, ಬಿಸಿಲು ರಾಜಾರೋಷವಾಗಿ ಒಳಗೆ ಬರ್ತದೆ. ಮತ್ತೆ ಜೂನಿಂದ ಸೆಪ್ಟೆಂಬರ್ ವರೆಗೆ ನಮ್ಮಲ್ಲಿ ಹಗಲೇ ಕತ್ತಲೆ, ಅದರ ಮೇಲೆ ಕಪ್ಪು ಫಿಲ್ಮ್ ಅಂಟಿಸಿಕೊಂಡು ಹಗಲು ಹೊತ್ತು ಲೈಟ್ ಉರಿಸುದು ಯಾವ ಉಳಿತಾಯ? ಅಮೆರಿಕದ ಇಂಧನ ಇಲಾಖೆ ಹೇಳುವ ಪ್ರಕಾರ ಕಿಟಕಿಗೆ ಹೊರಗಿಂದ ಆನಿಂಗ್, ಅಂದ್ರೆ ಓರೆಯಾಗಿ ಚಾಚಿದ ನೆರಳಿನ ಮಾಡು, ಹಾಕಿದ್ರೆ ಬಿಸಿಲಿನ ಶಾಖ ದಕ್ಷಿಣದ ಕಿಟಕಿಗೆ 65 ಪರ್ಸೆಂಟ್ ವರೆಗೆ, ಪಶ್ಚಿಮದ್ದಕ್ಕೆ 77 ಪರ್ಸೆಂಟ್ ವರೆಗೆ ಕಮ್ಮಿ ಆಗ್ತದೆ. ಅವರ ಸೂರ್ಯನ ಕೋನ ಬೇರೆ, ಆ ನಂಬರನ್ನು ಇಲ್ಲಿಗೆ ಹಾಗೇ ತಂದು ಅಂಟಿಸ್ಲಿಕ್ಕೆ ಆಗುದಿಲ್ಲ, ಆದ್ರೆ ಹೊರಗಿನ ನೆರಳಿನ ತಾಕತ್ತು ಎಷ್ಟು ಅಂತ ಅಂದಾಜು ಸಿಗ್ತದೆ.

ಇದೆಲ್ಲ ಹೊಸ ಕಂಡುಹಿಡಿತ ಅಂತ ಯಾರೂ ತಿಳ್ಕೊಳ್ಳುದು ಬೇಡ. ನಮ್ಮ ಹಳೇ ಮನೆಗಳಲ್ಲಿ ಕಿಟಕಿ ಸಣ್ಣದು, ಅದರ ಎದುರು ಜಗಲಿ, ಜಗಲಿ ಮೇಲೆ ತಲೆ ತಗ್ಗಿಸಿ ಹೋಗುವಷ್ಟು ಕೆಳಗೆ ಇಳಿದ ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡುವ ಮುಂಚೆ ಅದೇ ಮಾಡಿಗೆ ಮುಳಿಹುಲ್ಲೋ ಸೋಗೆಯೋ ಇರ್ತಿತ್ತು. ಪಶ್ಚಿಮಕ್ಕೆ ಮಡಲಿನ, ಅಂದ್ರೆ ತೆಂಗಿನ ಗರಿಯ, ತಟ್ಟಿ ಕಟ್ಟುದು, ಮಳೆಯ ಎರಚಲಿಗೂ ಆಯ್ತು ಬಿಸಿಲಿಗೂ ಆಯ್ತು, ಗಾಳಿ ಅದರ ಸಂದಿಯಲ್ಲಿ ನುಸುಳಿಕೊಂಡು ಬರ್ತದೆ. ಆ ಮಾಡನ್ನು ಏಳನೇ ಫ್ಲೋರಲ್ಲಿ ಕಟ್ಲಿಕ್ಕೆ ಆಗುದಿಲ್ಲ, ತಟ್ಟಿಯ ಬುದ್ಧಿಯನ್ನು ಕಟ್ಟಬಹುದು.

ದುಡ್ಡು ಹಾಕುವ ಮೊದಲು ಪರೀಕ್ಷೆ ಆಗ್ಲಿ ಅಂತ ನರ್ಸರಿಗೆ ಹಾಕುವ ಹಸಿರು ಶೇಡ್ ನೆಟ್ ತಂದು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಕಟ್ಟಿದೆವು, ಒಳಗಿನ ಕರ್ಟನ್ ಪೂರ್ತಿ ಸರಿಸಿ ಬಾಗಿಲು ತೆರೆದಿಟ್ಟು. ಅಡುಗೆಮನೆಯ ಹಿಂದಿನ ಪೂರ್ವದ ಯುಟಿಲಿಟಿ ಬಾಗಿಲು ಕೂಡ ತೆರೆದು ಇಟ್ಟದ್ದು, ಅದು ಮುಖ್ಯ, ಗಾಳಿಗೆ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಬರ್ಲಿಕ್ಕೂ ಮನಸ್ಸಿಲ್ಲ. ಎರಡು ಮೂರು ದಿವಸದಲ್ಲೇ ಅತ್ತೆ ಹೇಳಿದರು ಇದು ಆಗ್ತದೆ ಅಂತ. ಮಾವನ ಗೋಡೆ ಗಡಿಯಾರದಲ್ಲಿ ಟೆಂಪರೇಚರ್ ಕೂಡ ತೋರಿಸ್ತದೆ, ಅದರ ಪ್ರಕಾರ ಸಂಜೆ ಐದಕ್ಕೆ ಹಾಲ್ ಮೊದಲಿಗಿಂತ ಮೂರು ಡಿಗ್ರಿ ಹತ್ರ ಕೆಳಗೆ. ನೆಲದ ಟೈಲ್ಸ್ ಬಿಸಿಯಾಗದ್ದು ಇನ್ನೂ ದೊಡ್ಡ ವ್ಯತ್ಯಾಸ, ಬರಿಗಾಲಲ್ಲಿ ನಡೆದ್ರೆ ಗೊತ್ತಾಗ್ತದೆ.

ನಾಲ್ಕನೇ ದಿವಸಕ್ಕೋ ಐದನೇ ದಿವಸಕ್ಕೋ ಅಸೋಸಿಯೇಶನ್ ಸೆಕ್ರೆಟರಿ ಫೋನು. ಎಂಥದು ಸರ್ ನಿಮ್ಮ ಬಾಲ್ಕನಿಯಲ್ಲಿ ಹಸಿರು ಹಸಿರು, ಕೆಳಗಿಂದ ನೋಡಿದ್ರೆ ಕನ್‌ಸ್ಟ್ರಕ್ಷನ್ ಸೈಟ್ ಕಂಡ ಹಾಗೆ ಕಾಣ್ತದೆ, ಎಲಿವೇಶನ್, ಅಂದ್ರೆ ಬಿಲ್ಡಿಂಗಿನ ಹೊರನೋಟ, ಹಾಳಾಗ್ತದೆ, ಬೈಲಾ ಪ್ರಕಾರ ಹೊರಗೆ ಏನೂ ಹಾಕುವ ಹಾಗಿಲ್ಲ. ಅವರ ಮಾತೂ ಪೂರ್ತಿ ತಪ್ಪಲ್ಲ, ಒಬ್ಬರು ನೆಟ್ ಕಟ್ಟಿದ್ರೆ ಇನ್ನೊಬ್ಬರು ನೀಲಿ ಟಾರ್ಪಾಲ್ ಕಟ್ತಾರೆ, ಮತ್ತೊಬ್ಬರು ಶೀಟ್ ಹಾಕ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ, ಫ್ಲ್ಯಾಟುಗಳಲ್ಲಿ ನೆರಳು ಮಾಡ್ಲಿಕ್ಕೆ ದೊಡ್ಡ ಅಡ್ಡಿ ದುಡ್ಡೂ ಅಲ್ಲ ಟೆಕ್ನಿಕ್ಕೂ ಅಲ್ಲ, ಈ ಎಲಿವೇಶನ್ ಅನ್ನುವ ಮಾತು. ಎಸಿಯ ಔಟ್‌ಡೋರ್ ಯೂನಿಟ್ ಗೋಡೆಯಲ್ಲಿ ಹೇಗೆ ಬೇಕಾದ್ರೂ ಹಾಗೆ ನೇತಾಡಬಹುದು, ಅದರ ನೀರು ಕೆಳಗಿನವರ ಸಜ್ಜದ ಮೇಲೆ ಟಪ ಟಪ ಬೀಳಬಹುದು, ಅದಕ್ಕೆ ಎಲಿವೇಶನ್ ಹಾಳಾಗುದಿಲ್ಲ.

ಮಾವ ಜಗಳಕ್ಕೆ ಹೋಗ್ಲಿಲ್ಲ, ಅರ್ಜಿ ಬರೆದರು, ಸಬ್ಜೆಕ್ಟ್ ರೆಫರೆನ್ಸ್ ಎಲ್ಲ ಹಾಕಿ. ನಾನು ಡ್ರಾಯಿಂಗ್ ಮಾಡಿ ಕೊಟ್ಟೆ. ಒಪ್ಪಂದ ಆದದ್ದು ಹೀಗೆ, ಬಾಲ್ಕನಿಯಲ್ಲಿ ಹಾಕುದು ಸ್ಲ್ಯಾಬಿನ ಅಂಚಿನ ಒಳಗೇ ಇರಬೇಕು, ಸುತ್ತಿ ಮೇಲೆತ್ತಲಿಕ್ಕೆ ಬರಬೇಕು, ಬೆಡ್‌ರೂಮ್ ಕಿಟಕಿಗೆ ಹಾಕುದು ಸಜ್ಜದಿಂದ ಹೊರಗೆ ಬರಬಾರದು, ಬಣ್ಣ ಬಿಲ್ಡಿಂಗಿನ ಕಿಟಕಿ ಫ್ರೇಮಿನ ಬಣ್ಣವೇ ಆಗಿರಬೇಕು. ಇದೆಲ್ಲ ಆಗುವಾಗ ಮಾರ್ಚ್ ಅರ್ಧ ಮುಗಿದಿತ್ತು.

ಬಾಲ್ಕನಿಯ ವಿಷಯದಲ್ಲಿ ಅತ್ತೆಯದ್ದು ಎರಡು ಕಂಡೀಶನ್, ಮಲ್ಲಿಗೆ ತುಳಸಿ ಚಟ್ಟಿಗೆ ಬಿಸಿಲು ಬೀಳ್ಬೇಕು, ಬಟ್ಟೆ ಒಣಗ್ಬೇಕು. ಪರದೆ ನೆಲದವರೆಗೆ ಇಳಿಸಿದ್ರೆ ಎರಡೂ ಇಲ್ಲ, ಗಾಳಿಯೂ ಇಲ್ಲ. ಆಗ ಕೋನ ಹಾಕಿ ನೋಡಿದ್ರೆ ಅಷ್ಟು ಇಳಿಸುವ ಅಗತ್ಯವೇ ಇಲ್ಲ. ಬಾಲ್ಕನಿ ರೇಲಿಂಗ್ ಮೂರೂವರೆ ಅಡಿ, ಕಂಬಿಯದ್ದು. ಪರದೆಯನ್ನು ಸ್ಲ್ಯಾಬಿಂದ ರೇಲಿಂಗ್ ಮಟ್ಟದವರೆಗೆ ಮಾತ್ರ ಬಿಟ್ರೆ, ನಾಲ್ಕೂವರೆಯ 31 ಡಿಗ್ರಿ ಬಿಸಿಲು ರೇಲಿಂಗ್ ಮೇಲಂಚಲ್ಲಿ ನುಗ್ಗಿ ನಾಲ್ಕಡಿ ಒಳಗೆ ಬರುವಷ್ಟರಲ್ಲಿ ಎರಡೂಕಾಲು ಅಡಿ ಮೀರಿ ಕೆಳಗೆ ಇಳಿದಿರ್ತದೆ, ಬಾಗಿಲಿಗೆ ತಾಗುದು ಕೆಳಗಿನ ಒಂದಡಿ ಚಿಲ್ಲರೆ ಮಾತ್ರ. ಐದೂವರೆಗೆ ಸೂರ್ಯ 17 ಡಿಗ್ರಿಗೆ ಇಳಿದಾಗಲೂ ಎರಡೂಕಾಲು ಅಡಿಗಿಂತ ಮೇಲೆ ಬರುದಿಲ್ಲ, ಆ ಹೊತ್ತಿಗೆ ಬಿಸಿಲಿನ ಖಾರವೂ ಇಳಿದಿರ್ತದೆ. ಕೆಳಗಿನ ಮೂರೂವರೆ ಅಡಿಯಲ್ಲಿ ಗಾಳಿ ಧಾರಾಳ ಬರ್ತದೆ, ಚಟ್ಟಿಗಳಿಗೆ ಬಿಸಿಲೂ ಸಿಗ್ತದೆ, ಸೋಫಾದಲ್ಲಿ ಕೂತವರಿಗೆ ಗಾಳಿ ಬೇಕಾದ್ದೂ ಆ ಎತ್ತರಕ್ಕೇ. ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಲೆಕ್ಕ ಇದು, ಒಂದು ಪೈಸೆ ಖರ್ಚಿಲ್ಲದೆ, ಪರದೆಯ ಬಟ್ಟೆ ಕಮ್ಮಿ ಆಗಿ ಖರ್ಚು ಉಳಿದೇ ಬಂದದ್ದು. ಅತ್ತೆಯ ಆಸೆ ಪ್ರಕಾರ ಬಿದಿರಿನ ಚಿಕ್ ಪರದೆಯನ್ನೇ ಹಾಕಿದೆವು, ಸಂದಿಯಲ್ಲಿ ಗಾಳಿಯೂ ಬರ್ತದೆ, ನೋಡ್ಲಿಕ್ಕೂ ಚಂದ. ಗಾಳಿಗೆ ಪಟ ಪಟ ಹೊಡೀದ ಹಾಗೆ ಎರಡು ಬದಿಗೆ ಸ್ಟೀಲ್ ವಯರ್ ಎಳೆದು ಕೆಳಗೆ ರೇಲಿಂಗಿಗೆ ಕೊಕ್ಕೆ.

ಬೆಡ್‌ರೂಮ್ ಕಿಟಕಿಗೆ ಅಲ್ಯೂಮಿನಿಯಂ ಲೂವರ್. ನಾಲ್ಕಿಂಚಿನ ಪಟ್ಟಿಗಳು, ಹೊರಗಿನ ಅಂಚು ಕೆಳಗೆ ಬರುವ ಹಾಗೆ 45 ಡಿಗ್ರಿ ಓರೆ, ಒಂದರಿಂದ ಒಂದಕ್ಕೆ ನಾಲ್ಕಿಂಚು. ಈ ಅಳತೆಯಲ್ಲಿ ಸೂರ್ಯ 22 ಡಿಗ್ರಿಗಿಂತ ಮೇಲೆ ಇರುವವರೆಗೆ ನೇರ ಬಿಸಿಲು ಒಂದು ಗೆರೆಯೂ ಒಳಗೆ ಬರುದಿಲ್ಲ. ಏಪ್ರಿಲಲ್ಲಿ ಸೂರ್ಯ 22ಕ್ಕೆ ಇಳಿಯುದು ಸಂಜೆ ಐದು ದಾಟಿದ ಮೇಲೆ. ಪಟ್ಟಿಗಳನ್ನು ಇನ್ನೂ ಹತ್ತಿರ ಹತ್ತಿರ ಕೊಟ್ರೆ ಆರೂವರೆವರೆಗೂ ತಡೆಯಬಹುದಿತ್ತು, ಆದ್ರೆ ಆಗ ಎದುರಿನ ಸಮುದ್ರವೂ ಕಾಣುದಿಲ್ಲ, ರೂಮ್ ಗುಹೆ ಆಗ್ತದೆ, ಮಾವ ಅದಕ್ಕೆ ಸುತರಾಂ ಒಪ್ಲಿಲ್ಲ. ಈಗ ಸಂದಿಯಲ್ಲಿ ಸಮುದ್ರದ ಗೆರೆ ಕಾಣ್ತದೆ, ಕೆಳಗೆ ಹೊಳೆ ಚೆನ್ನಾಗಿ ಕಾಣ್ತದೆ. ಗಾಜಿಗೂ ಲೂವರಿಗೂ ನಡುವೆ ಮೇಲೆ ಕೆಳಗೆ ಮುಚ್ಚದೆ ಸ್ವಲ್ಪ ಜಾಗ ಬಿಟ್ಟಿದ್ದೇವೆ, ಬಿಸಿಯಾದ ಗಾಳಿ ಮೇಲಿಂದ ಹೋಗ್ಲಿಕ್ಕೆ. ಫ್ರೇಮಿಗೆ ಬಿಜಾಗರಿ ಕೊಟ್ಟದ್ದು, ಗಾಜು ಒರೆಸುವಾಗ ಬಾಗಿಲಿನ ಹಾಗೆ ತೆರೀಬಹುದು.

ಫ್ಯಾಬ್ರಿಕೇಶನ್‌ನವನ ಜೊತೆ ನನಗೆ ಚರ್ಚೆ ಆದದ್ದು ಮೆಟೀರಿಯಲ್ಲಿಗೆ. ಎಂಎಸ್, ಅಂದ್ರೆ ಸಾದಾ ಕಬ್ಬಿಣದ, ಪೈಪಲ್ಲಿ ಮಾಡಿ ಪೌಡರ್ ಕೋಟಿಂಗ್ ಕೊಡ್ತೇನೆ, ಅರ್ಧ ರೇಟಿಗೆ ಆಗ್ತದೆ ಅಂತ ಅವನು. ಸಮುದ್ರದ ಉಪ್ಪು ಗಾಳಿಗೆ ನೇರ ಮುಖ ಕೊಟ್ಟು ನಿಂತ ಕಿಟಕಿ ಅದು. ಕೋಟಿಂಗ್ ಎಷ್ಟು ಚಂದ ಕೊಟ್ರೂ ವೆಲ್ಡಿಂಗ್ ಹತ್ರ, ತೂತು ಹೊಡೆದ ಕಡೆ ಒಂದು ಕೂದಲಿನಷ್ಟು ಬಿಟ್ರೆ ಸಾಕು, ತುಕ್ಕು ಅಲ್ಲಿಂದ ಒಳಗೊಳಗೇ ತಿಂತಾ ಹೋಗ್ತದೆ, ಮತ್ತೆ ಏಳನೇ ಫ್ಲೋರಿಂದ ಒಂದು ಪಟ್ಟಿ ಕಳಚಿ ಕೆಳಗಿನ ಪಾರ್ಕಿಂಗಿಗೆ ಬಿದ್ರೆ ಯಾರು ಜವಾಬ್ದಾರಿ? ಅಲ್ಯೂಮಿನಿಯಮ್ಮೇ ಬೇಕು, ಸ್ಕ್ರೂ ಸ್ಟೇನ್‌ಲೆಸ್ 316 ಗ್ರೇಡೇ ಬೇಕು ಅಂತ ಕೂತೆ. ಎಲ್ಲ ಸೇರಿಸಿದ್ರೂ ಎರಡು ಟನ್ ಎಸಿಯ ದುಡ್ಡಿಗಿಂತ ಕಮ್ಮಿಯೇ ಆಯ್ತು.

ಏಪ್ರಿಲಲ್ಲಿ ಏನಾಯ್ತು? ಹಾಲಲ್ಲಿ ಸಂಜೆ ಬಾಗಿಲು ತೆರೆದು ಫ್ಯಾನ್ ಹಾಕಿಕೊಂಡು ಕೂರ್ಲಿಕ್ಕೆ ಆಗ್ತದೆ, ಟ್ಯೂಬ್‌ಲೈಟ್ ಬೇಡ. ತಂಪು ಅಂತ ನಾನು ಹೇಳುದಿಲ್ಲ. ನೆರಳು ಅನ್ನುದು ಶಾಖವನ್ನು ತಡೀತದೆ, ತಂಪನ್ನು ಹುಟ್ಟಿಸುದಿಲ್ಲ, ಬಾಗಿಲು ತೆರೆದ ಮನೆ ಹೊರಗಿನ ಮರದ ನೆರಳಿನಷ್ಟು ಇರಬಹುದು, ಹಗಲು ಹೊತ್ತು ಅದಕ್ಕಿಂತ ಕೆಳಗೆ ಹೋಗುದನ್ನು ನಿರೀಕ್ಷೆ ಮಾಡಬಾರದು. ಏಪ್ರಿಲ್ ಕೊನೆಯ ಗಾಳಿ ಇಲ್ಲದ ಕೆಲವು ದಿವಸ ಅತ್ತೆ ಎರಡು ಸಲ ಸ್ನಾನ ಮಾಡಿದ್ದು ಉಂಟು. ಬೆಡ್‌ರೂಮಲ್ಲಿ ಮಾತ್ರ ವ್ಯತ್ಯಾಸ ಸ್ಪಷ್ಟ, ಮೊದಲು ರಾತ್ರಿ ಎಸಿ 22ಕ್ಕೆ ಇಟ್ಟು ಒಂದು ಗಂಟೆ ಕಾದ ಮೇಲೆ ರೂಮ್ ತಣ್ಣಗೆ ಆಗ್ತಿತ್ತು, ಈಗ 26ಕ್ಕೆ ಇಟ್ಟು ಫ್ಯಾನ್ ಸಣ್ಣಕ್ಕೆ ಹಾಕ್ತಾರೆ. ಒಂದೊಂದು ಡಿಗ್ರಿ ಏರಿಸಿದ್ರೆ ಸುಮಾರು ಆರು ಪರ್ಸೆಂಟ್ ಕರೆಂಟ್ ಉಳೀತದೆ ಅಂತ ಇಂಧನ ದಕ್ಷತಾ ಬ್ಯೂರೋ ಹೇಳುದು, 2020ರಿಂದ ಸ್ಟಾರ್ ಲೇಬಲ್ ಎಸಿಗಳನ್ನು ಆನ್ ಮಾಡಿದ ಕೂಡಲೇ 24ರಲ್ಲಿ ನಿಲ್ಲುವ ಹಾಗೆ ಮಾಡಿದ್ದೂ ಅದಕ್ಕೇ.

ಆದ್ರೆ ಗೋಡೆ ಉಂಟಲ್ಲ. ಪಶ್ಚಿಮದ ಗೋಡೆ ಸಂಜೆವರೆಗೆ ಬಿಸಿಲು ಕುಡಿದದ್ದನ್ನು ರಾತ್ರಿ ಎಂಟು ಒಂಬತ್ತರ ಮೇಲೆ ಒಳಗೆ ಬಿಡ್ತದೆ, ಮಂಚದ ತಲೆಭಾಗದ ಗೋಡೆ ಮುಟ್ಟಿದ್ರೆ ಈಗಲೂ ಬೆಚ್ಚಗೆ. ಕಿಟಕಿಯ ನೆರಳು ಅದಕ್ಕೆ ಏನೂ ಮಾಡುದಿಲ್ಲ. ಹೊರಗೆ ಬಿಳಿ ಬಣ್ಣ ಹೊಡೆದ್ರೆ ಸ್ವಲ್ಪ ಪ್ರಯೋಜನ, ಆದ್ರೆ ಇಡೀ ಬಿಲ್ಡಿಂಗಿನ ಬಣ್ಣ ಅಸೋಸಿಯೇಶನಿನದ್ದು. ಸದ್ಯಕ್ಕೆ ಮಂಚವನ್ನು ಇನ್ನೊಂದು ಗೋಡೆಗೆ ತಿರುಗಿಸಿ ಹಾಕಿದ್ದಾರೆ.

ಬಿಲ್ಲಿಗೆ ಬಂದ್ರೆ, ಮಾವ ಫೈಲ್ ತೆಗೆದು 2024ರ ಏಪ್ರಿಲ್ ಮೇ ಬಿಲ್ಲುಗಳ ಪಕ್ಕ 2025ರದ್ದು ಇಟ್ಟು ವಾಟ್ಸಾಪಲ್ಲಿ ಫೋಟೋ ಕಳಿಸಿದರು, ಎರಡೂ ತಿಂಗಳು 200ರ ಒಳಗೆ, ಮೇಯಲ್ಲಿ ಅಂತೂ ಭಾರಿ ಇಳಿಕೆ, ಎಲ್ಲ ನಿನ್ನ ಲೂವರಿಂದ ಅಂತ. ಅಷ್ಟು ಹೊಗಳಿಕೆ ನನಗೆ ಬೇಡ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದು, ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಮೊದಲೇ ಜೋರು ಮಳೆ ಹೊಡೆದಿತ್ತು, ಆಗ ಎಸಿ ಯಾರು ಹಾಕ್ತಾರೆ. ಹಾಗಾಗಿ ಮೇ ಲೆಕ್ಕಕ್ಕೇ ಇಲ್ಲ. ಏಪ್ರಿಲ್ ಏಪ್ರಿಲಿಗೆ ತಾಳೆ ನೋಡುದು ನ್ಯಾಯ, ಅದರಲ್ಲೂ 2024ರ ಬೇಸಿಗೆಯ ಸೆಕೆ ಎಂಥದು ಅಂತ ಎಲ್ಲರಿಗೂ ನೆನಪಿದೆ, ಅದನ್ನೂ ಕಳೀಬೇಕು. ಅದೆಲ್ಲ ಕಳೆದು ಬೆಡ್‌ರೂಮ್ ಎಸಿಯಲ್ಲಿ ಉಳಿದದ್ದು ಸಣ್ಣ ಮೊತ್ತವೇ, ಆದ್ರೆ ಆ ಸಣ್ಣ ಮೊತ್ತ ಸರಿಯಾಗಿ 200ರ ಗೆರೆ ಹತ್ರ ಬಿದ್ದದ್ದರಿಂದ ರೂಪಾಯಿಯಲ್ಲಿ ದೊಡ್ಡದಾಗಿ ಕಂಡಿತು. ನಿಜವಾದ ಉಳಿತಾಯ ಬಿಲ್ಲಲ್ಲಿ ಕಾಣುದೇ ಇಲ್ಲ, ಅದು ಹಾಲಿಗೆ ಹಾಕದ ಎಸಿ.

ಮೇಯ ಆ ಮಳೆ ಇನ್ನೊಂದು ಕೆಲಸ ಮಾಡಿತು. ಜೂನ್ ಶುರುವಿಗೆ ಚಿಕ್ ಬಿಚ್ಚಿ ಒಣಗಿಸಿ ಅಟ್ಟಕ್ಕೆ ಹಾಕುವ ಅಂತ ಇದ್ದದ್ದು, ಮಳೆ ಅಷ್ಟು ಬೇಗ ಬರ್ತದೆ ಅಂತ ಯಾರಿಗೆ ಗೊತ್ತು. ಇವರು ಮಗಳ ಮನೆಗೆ ಹೋಗಿದ್ದರು, ವಾಪಸ್ ಬರುವಾಗ ಎರಡು ಚಿಕ್ ಪೂರ್ತಿ ನೆನೆದು ಕಪ್ಪು ಬೂಸ್ಟು ಹಿಡಿದಿತ್ತು. ಒಂದನ್ನು ಅತ್ತೆ ಉಜ್ಜಿ ಉಜ್ಜಿ ಉಳಿಸಿಕೊಂಡರು, ಇನ್ನೊಂದು ಬಿಸಾಡಿದ್ದು. ಅಕ್ಟೋಬರ್ ಸೆಕೆ ಶುರುವಾಗುವಾಗ ಎರಡರ ಜಾಗಕ್ಕೂ ಪಿವಿಸಿ ಲೇಪದ ಮೆಶ್ ಬಟ್ಟೆಯ ರೋಲರ್ ಹಾಕಿಸಿದರು, ಅದೇ ರೇಲಿಂಗ್ ಮಟ್ಟದವರೆಗೆ. ಬಿದಿರಿನಷ್ಟು ಗಾಳಿ ಅದರಲ್ಲಿ ನುಸುಳುದಿಲ್ಲ, ಕೆಳಗಿನ ಮೂರೂವರೆ ಅಡಿ ಇಲ್ಲದಿದ್ರೆ ಆ ಬಟ್ಟೆ ನಾನು ಹೇಳ್ತಿರಲಿಲ್ಲ. ಲೂವರಿಗೆ ಮಳೆಗಾಲ ಏನೂ ಆಗ್ಲಿಲ್ಲ, ಎರಚಲು ಸ್ವಲ್ಪ ಅದೇ ತಡೀತದೆ, ಆದ್ರೆ ಮಳೆ ನಿಂತ ಮೇಲೆ ಪಟ್ಟಿಗಳ ಮೇಲೆ ಉಪ್ಪು ಕೂತಿರ್ತದೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಒಳ್ಳೆ ನೀರಲ್ಲಿ ತೊಳೆದು ಒರೆಸಬೇಕು, ಆ ಕೆಲಸ ಮಾವನಿಗೆ ಹೇಳಿದ್ದೇನೆ, ಅವರು ಅದಕ್ಕೂ ಒಂದು ರಿಜಿಸ್ಟರ್ ಇಟ್ಟಿದ್ದಾರೆ. ಮೂರನೇ ಫ್ಲೋರಿನವರು ಮತ್ತೆ ಒಂಬತ್ತನೇದವರು ಡ್ರಾಯಿಂಗ್ ಕೇಳಿದ್ದಾರೆ. ಮೂರನೇ ಫ್ಲೋರಿಗೆ ತೆಂಗಿನ ಮರದ ನೆರಳೇ ಇರುದರಿಂದ ಬೆಡ್‌ರೂಮಿಗೆ ಲೂವರ್ ಬೇಡ, ಬಾಲ್ಕನಿ ಪರದೆ ಸಾಕು ಅಂತ ಹೇಳಿ ಕಳಿಸಿದೆ.